‘ಕನ್ನಡ’ ಪದದ ಉದ್ದ ಎರಡಂತೆ!

ಪೈಥಾನ್‌ನಿಂದ ಸಿ ಭಾಷೆಯ ಒಂದು ಪುಟ್ಟ ಫಂಕ್ಷನ್‌ಗೆ ‘ಕನ್ನಡ’ ಅನ್ನುವ ಪದ ಕೊಟ್ಟು, ಇದರ ಉದ್ದ ಎಷ್ಟು ಅಂತ ಕೇಳಿದೆ. ಲಿನಕ್ಸ್ ಮಷೀನು. ಫಂಕ್ಷನ್ ಹೆಸರು ಸ್ಟ್ರ್‌ಲೆನ್, ಸಿ ಕಲಿತವರಿಗೆಲ್ಲ ಗೊತ್ತಿರುವಂಥದ್ದು. ಉತ್ತರ ಬಂತು: 2.

3 ಅಂದಿದ್ದರೆ ಒಪ್ಪಬಹುದಿತ್ತು. ಕಣ್ಣಿಗೆ ಕಾಣುವುದು ಕ, ನ್ನ, ಡ, ಮೂರೇ ಅಕ್ಷರ. 5 ಅಂದಿದ್ದರೂ ಸರಿ. ಯೂನಿಕೋಡ್ ಲೆಕ್ಕದಲ್ಲಿ ಕ, ನ, ಹಲಂತ, ನ, ಡ ಅಂತ ಐದು ಸಂಕೇತಗಳಿವೆ. 15 ಅಂದಿದ್ದರೂ ಜಗಳ ಇಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಈ ಐದರಲ್ಲಿ ಒಂದೊಂದಕ್ಕೂ 3 ಬೈಟ್ ಬೇಕು. ಆದರೆ 2? ಯಾವ ಕಡೆಯಿಂದ ಎಣಿಸಿದರೂ ಎರಡು ಬರುವುದಿಲ್ಲ.

ಉತ್ತರ ತಪ್ಪಾಗಿದ್ದಕ್ಕಿಂತ ವಿಚಿತ್ರ ಅಂದರೆ, ತಪ್ಪಾಗಿದೆ ಅಂತ ಯಾರೂ ಹೇಳಲಿಲ್ಲ. ಎರರ್ ಬರಲಿಲ್ಲ, ವಾರ್ನಿಂಗ್ ಬರಲಿಲ್ಲ. ಪೈಥಾನ್ ತನ್ನ ಕೆಲಸ ಮಾಡಿತು, ಸಿ ತನ್ನ ಕೆಲಸ ಮಾಡಿತು, ನಡುವೆ ಮಾತು ಕೆಟ್ಟಿತು. ಒಂದು ಭಾಷೆಯಿಂದ ಇನ್ನೊಂದು ಭಾಷೆಯ ಲೈಬ್ರರಿ ಬಳಸುವಾಗ ಬರುವ ಹೆಚ್ಚಿನ ತೊಂದರೆಗಳ ಕಥೆ ಇಷ್ಟೇ. ಎರಡೂ ಭಾಷೆಗಳ ಒಳಗೆ ತಪಾಸಣೆ ಇರುತ್ತದೆ. ಎರಡರ ನಡುವಿನ ಗಡಿಯಲ್ಲಿ ಕಾವಲುಗಾರ ಇರುವುದಿಲ್ಲ. ಆ 2 ಎಲ್ಲಿಂದ ಬಂತು ಅನ್ನುವುದನ್ನು ಸ್ವಲ್ಪ ಹೊತ್ತಿನಲ್ಲಿ ನೋಡೋಣ. ಮೊದಲು ಗಡಿ ದಾಟುವ ಕೆಲಸ ನಡೆಯುವುದು ಹೇಗೆ ಅಂತ ತಿಳಿದರೆ ಅದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಯಾಕೆ ಈ ಉಸಾಬರಿ ಅಂತ ಕೇಳಬಹುದು. ಸುಮ್ನೆ ನಮ್ಮ ಭಾಷೆಯಲ್ಲೇ ಬರೆದುಕೊಂಡರೆ ಆಗದೇ? ಕೆಲವು ಸಲ ಆಗುತ್ತದೆ. ಆದರೆ ಲ್ಯಾಪ್ಯಾಕ್ ಅಂಥದ್ದನ್ನು ಯೋಚಿಸಿ. ಮ್ಯಾಟ್ರಿಕ್ಸ್ ಲೆಕ್ಕಗಳ ಈ ಲೈಬ್ರರಿ ಮೊದಲು ಹೊರಬಂದದ್ದು 1992ರಲ್ಲಿ, ಫೋರ್ಟ್ರಾನ್‌ನಲ್ಲಿ. ಇಷ್ಟು ವರ್ಷ ಎಷ್ಟೋ ಜನ ಉಜ್ಜಿ ಉಜ್ಜಿ ಅದರ ಒರಟು ಅಂಚುಗಳನ್ನು ತೆಗೆದಿದ್ದಾರೆ. ಪೈಥಾನ್‌ನಲ್ಲಿ ನಂಪೈ ಬಳಸಿ ಸಮೀಕರಣ ಬಿಡಿಸುವವರು ತಾವು ಲ್ಯಾಪ್ಯಾಕ್‌ನ ದಾರಿಯಲ್ಲೇ ಹೋಗುತ್ತಿದ್ದೇವೆ ಅಂತ ಅಂದುಕೊಂಡಿರುವುದೇ ಇಲ್ಲ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಲೈಬ್ರರಿ ಕೂಡ ಹಾಗೇ. 2000ದಿಂದ ಇದೆ, ಸಿಯಲ್ಲಿ ಬರೆದದ್ದು, ಇಂದು ನಿಮ್ಮ ಜೇಬಿನ ಫೋನಿನಲ್ಲಿ ಹತ್ತಾರು ಆ್ಯಪ್‌ಗಳು ಅದನ್ನೇ ಬಳಸುತ್ತಿವೆ. ಆ ಆ್ಯಪ್‌ಗಳು ಜಾವಾ, ಕಾಟ್ಲಿನ್, ಸ್ವಿಫ್ಟ್, ಹೀಗೆ ಬೇರೆ ಬೇರೆ ಭಾಷೆಯವು. ಎಲ್ಲರೂ ಡೇಟಾಬೇಸ್ ಮತ್ತೆ ಬರೆಯಲು ಕೂತರೆ ಮುಗಿಯಿತು.

ಕೆಲವು ಭಾಷೆಗಳ ನಡುವೆ ಗಡಿ ಇದ್ದರೂ ಇಲ್ಲದಂತೆ. ಕಾಟ್ಲಿನ್‌ನಿಂದ ಜಾವಾ ಲೈಬ್ರರಿ ಬಳಸುವವರಿಗೆ ಈ ಲೇಖನದ ಅಗತ್ಯವೇ ಇಲ್ಲ. ಎರಡೂ ಜೆವಿಎಂ ಎಂಬ ಒಂದೇ ವ್ಯವಸ್ಥೆಯ ಮೇಲೆ ಓಡುತ್ತವೆ. ಆಬ್ಜೆಕ್ಟ್ ಅಂದರೆ ಏನು, ಸ್ಟ್ರಿಂಗ್ (ಅಕ್ಷರಗಳ ಸಾಲು) ಅಂದರೆ ಏನು, ಬಳಸಿ ಬಿಟ್ಟ ಮೆಮೊರಿಯ ಕಸ ಗುಡಿಸುವವರು ಯಾರು, ಎಲ್ಲದಕ್ಕೂ ಒಂದೇ ಉತ್ತರ. ಡಾಟ್‌ನೆಟ್‌ನ ಒಳಗೆ ಸಿ ಶಾರ್ಪ್ ಮತ್ತು ಎಫ್ ಶಾರ್ಪ್ ನಡುವೆಯೂ ಹೀಗೇ. ಕಷ್ಟ ಶುರುವಾಗುವುದು ಮನೆ ಬೇರೆ ಬೇರೆ ಆದಾಗ.

ಮೊದಲ ಪ್ರಶ್ನೆ: ಮೌಲ್ಯವನ್ನು ಎಲ್ಲಿ ಇಡುವುದು?

ಭಾಷೆಗಳ ವ್ಯತ್ಯಾಸ ಜಾಸ್ತಿ ಕಾಣುವುದು ನಾವು ಬರೆಯುವಾಗ. ಓಡುವಾಗ ಪ್ರೊಸೆಸರ್‌ಗೆ ತಲುಪುವುದು ಮಷೀನ್ ಕೋಡ್ ಮಾತ್ರ. ಸಿ, ರಸ್ಟ್, ಫೋರ್ಟ್ರಾನ್ ನೇರವಾಗಿ ಮಷೀನ್ ಕೋಡ್ ಆಗುತ್ತವೆ. ಪೈಥಾನ್ ಹಾಗಲ್ಲ, ಆದರೆ ನಾವೆಲ್ಲ ಸಾಮಾನ್ಯವಾಗಿ ಬಳಸುವ ಪೈಥಾನ್ ಇಂಟರ್‌ಪ್ರಿಟರ್ ಸ್ವತಃ ಸಿಯಲ್ಲಿ ಬರೆದ ಪ್ರೋಗ್ರಾಂ. ಹಾಗಾಗಿ ‘ಪೈಥಾನ್‌ನಿಂದ ಸಿ ಕರೆಯುವುದು’ ಅಂದರೆ ನಿಜವಾಗಿ ಒಂದು ಸಿ ಪ್ರೋಗ್ರಾಂ ಇನ್ನೊಂದು ಸಿ ಫಂಕ್ಷನ್ನನ್ನು ಕರೆಯುವುದೇ.

ಈಗ ಫಂಕ್ಷನ್ ಕರೆಯುವುದು ಅಂದರೆ ಏನು? ಮೌಲ್ಯಗಳನ್ನು ಎಲ್ಲೋ ಇಟ್ಟು, ಆ ಫಂಕ್ಷನ್‌ನ ವಿಳಾಸಕ್ಕೆ ಹಾರಿ, ಅದು ಮುಗಿದ ಮೇಲೆ ಉತ್ತರವನ್ನು ಇನ್ನೆಲ್ಲಿಂದಲೋ ಎತ್ತಿಕೊಳ್ಳುವುದು. ಆ ‘ಎಲ್ಲೋ’ ಎಲ್ಲಿ ಅನ್ನುವುದರಲ್ಲಿ ಎರಡೂ ಕಡೆಯವರಿಗೆ ಒಮ್ಮತ ಇರಬೇಕು. ಇಂಟೆಲ್, ಎಎಂಡಿಯ 64-ಬಿಟ್ ಪ್ರೊಸೆಸರ್ ಮೇಲಿನ ಲಿನಕ್ಸ್‌ನಲ್ಲಿ ಒಪ್ಪಂದ ಹೀಗಿದೆ: ಮೊದಲ ಆರು ಪೂರ್ಣಾಂಕಗಳು ಅಥವಾ ಪಾಯಿಂಟರ್‌ಗಳು (ಮೆಮೊರಿಯ ವಿಳಾಸಗಳು) ಆರ್‌ಡಿಐ, ಆರ್‌ಎಸ್‌ಐ, ಆರ್‌ಡಿಎಕ್ಸ್, ಆರ್‌ಸಿಎಕ್ಸ್, ಆರ್8, ಆರ್9 ಎಂಬ ರಿಜಿಸ್ಟರ್‌ಗಳಲ್ಲಿ, ಅಂದರೆ ಪ್ರೊಸೆಸರ್ ಒಳಗಿನ ಪುಟ್ಟ ಜಾಗಗಳಲ್ಲಿ. ದಶಮಾಂಶ ಪಾಯಿಂಟ್ ಇರುವ ಸಂಖ್ಯೆಗಳು ಬೇರೆ ಗುಂಪಿನಲ್ಲಿ, ಎಕ್ಸ್‌ಎಂಎಂ0ಯಿಂದ ಶುರು. ಉತ್ತರ ಪೂರ್ಣಾಂಕವಾದರೆ ಆರ್‌ಎಎಕ್ಸ್‌ನಲ್ಲಿ, ಪಾಯಿಂಟ್ ಸಂಖ್ಯೆಯಾದರೆ ಎಕ್ಸ್‌ಎಂಎಂ0ಯಲ್ಲಿ. ವಿಂಡೋಸ್‌ನಲ್ಲಿ ಅದೇ ಪ್ರೊಸೆಸರ್, ಆದರೆ ಒಪ್ಪಂದ ಬೇರೆ. ಅಲ್ಲಿ ರಿಜಿಸ್ಟರ್‌ಗಳಲ್ಲಿ ಹೋಗುವುದು ಮೊದಲ ನಾಲ್ಕೇ, ಅದೂ ಆರ್‌ಸಿಎಕ್ಸ್‌ನಿಂದ ಶುರು.

ಈ ಒಪ್ಪಂದವನ್ನೇ ಕಾಲಿಂಗ್ ಕನ್ವೆನ್ಷನ್ ಅನ್ನುತ್ತಾರೆ. ಇದು ಬಾಯಿಪಾಠ ಮಾಡುವ ವಿಷಯ ಅಲ್ಲ. ಆದರೆ ಒಂದು ಸಲ ಹತ್ತಿರದಿಂದ ನೋಡಿದರೆ ಎಷ್ಟೋ ಬಗ್‌ಗಳು ಅರ್ಥವಾಗುತ್ತವೆ. ಸಿ ಫಂಕ್ಷನ್‌ಗಳನ್ನು ಕರೆಯಲು ಪೈಥಾನ್‌ನ ಜೊತೆಗೇ ಬರುವ ಸಿಟೈಪ್ಸ್ ತಗೊಳ್ಳಿ. ನಾನು ಸ್ಟ್ರ್‌ಲೆನ್ ಕರೆದದ್ದೂ ಅದರಿಂದಲೇ. ಅದರಲ್ಲಿ ಗಣಿತದ ಲೈಬ್ರರಿ ತೆರೆದು, ವರ್ಗಮೂಲದ ಫಂಕ್ಷನ್‌ಗೆ ಸುಮ್ನೆ 16 ಕೊಟ್ಟು ನೋಡಿ. 4 ಬರುವುದಿಲ್ಲ. ಏನೋ ಅಡ್ಡಾದಿಡ್ಡಿ ಸಂಖ್ಯೆ ಬರುತ್ತದೆ.

ಆದದ್ದು ಇಷ್ಟು. ನಾವು ಕೊಟ್ಟದ್ದು 16, ಅಂದರೆ ಪೂರ್ಣಾಂಕ. ಸಿಟೈಪ್ಸ್ ಅದನ್ನು ಆರ್‌ಡಿಐನಲ್ಲಿ ಇಟ್ಟಿತು. ವರ್ಗಮೂಲದ ಫಂಕ್ಷನ್ ಪಾಯಿಂಟ್ ಸಂಖ್ಯೆ ಬರುತ್ತದೆ ಅಂತ ಎಕ್ಸ್‌ಎಂಎಂ0 ನೋಡಿತು. ಅಲ್ಲಿ ಹಿಂದಿನ ಯಾವುದೋ ಲೆಕ್ಕದ ಉಳಿಕೆ ಇತ್ತು. ಅದರದೇ ವರ್ಗಮೂಲ ತೆಗೆದು ಎಕ್ಸ್‌ಎಂಎಂ0ಯಲ್ಲೇ ಇಟ್ಟಿತು. ಸಿಟೈಪ್ಸ್ ಮಾತ್ರ, ಬೇರೆ ಏನೂ ಹೇಳದಿದ್ದರೆ ಉತ್ತರ ಪೂರ್ಣಾಂಕವೇ ಅಂತ ಅಂದುಕೊಳ್ಳುತ್ತದೆ. ಹಾಗಾಗಿ ಅದು ಆರ್‌ಎಎಕ್ಸ್‌ನಲ್ಲಿ ಕೈ ಹಾಕಿ ಸಿಕ್ಕಿದ್ದನ್ನು ತಂದುಕೊಟ್ಟಿತು. ಒಂದೇ ಕರೆಯಲ್ಲಿ ಎರಡು ತಪ್ಪು.

ಕೊಡುವ ಮೌಲ್ಯ ಪಾಯಿಂಟ್ ಸಂಖ್ಯೆ ಅಂತ ಹೇಳಿ, ಉತ್ತರದ ಬಗ್ಗೆ ಹೇಳುವುದನ್ನು ಮರೆತರೆ ಇನ್ನೂ ತಮಾಷೆ. ಆಗ ಲೆಕ್ಕ ಸರಿಯಾಗಿಯೇ ಆಗುತ್ತದೆ. 4 ಸಿದ್ಧವಾಗಿ ಎಕ್ಸ್‌ಎಂಎಂ0ಯಲ್ಲಿ ಕೂತಿರುತ್ತದೆ. ಪೈಥಾನ್ ಪಕ್ಕದ ಕೋಣೆಯಲ್ಲಿ ಹುಡುಕುತ್ತಿರುತ್ತದೆ. ಕೊಡುವ ಮೌಲ್ಯದ ಬಗೆ (ಟೈಪ್), ಬರುವ ಉತ್ತರದ ಬಗೆ ಎರಡನ್ನೂ ಬರೆದರೆ 4.0 ಬರುತ್ತದೆ. ಎರಡೇ ಸಾಲಿನ ಕೆಲಸ.

ಇದೇ ಮರೆವು ಪಾಯಿಂಟರ್ ವಿಷಯದಲ್ಲಿ ಆದರೆ ಪ್ರಾಣ ತೆಗೆಯುತ್ತದೆ. ಪಾಯಿಂಟರ್ 64 ಬಿಟ್, ಸಿಟೈಪ್ಸ್ ಅಂದುಕೊಳ್ಳುವ ಪೂರ್ಣಾಂಕ 32 ಬಿಟ್. ವಿಳಾಸದ ಮೇಲಿನ ಅರ್ಧ ಕತ್ತರಿಸಿ ಹೋಗುತ್ತದೆ. ಉಳಿದ ಅರ್ಧ ವಿಳಾಸವನ್ನು ಮುಂದಿನ ಫಂಕ್ಷನ್‌ಗೆ ಕೊಟ್ಟಾಗ ಇಡೀ ಪ್ರೋಗ್ರಾಂ ಬೀಳುತ್ತದೆ. ಬೀಳುವ ಜಾಗ ಒಂದು, ತಪ್ಪು ಇರುವ ಜಾಗ ಇನ್ನೊಂದು.

ಎಲ್ಲರೂ ಸಿಯನ್ನೇ ಯಾಕೆ ಹಿಡಿಯುತ್ತಾರೆ?

ರಸ್ಟ್‌ನಿಂದ ಪೈಥಾನ್‌ಗೆ, ಗೋದಿಂದ ರಸ್ಟ್‌ಗೆ, ಜೂಲಿಯಾದಿಂದ ಫೋರ್ಟ್ರಾನ್‌ಗೆ, ಯಾವ ಜೋಡಿ ತೆಗೆದುಕೊಂಡರೂ ನಡುವೆ ಹೆಚ್ಚಾಗಿ ಸಿ ಬಂದು ನಿಂತಿರುತ್ತದೆ. ಎರಡೂ ಕಡೆ ಒಂದು ಸಾಲು ಸಿ ಕೋಡ್ ಇಲ್ಲದಿದ್ದರೂ ಸಹ. ಸಿ ತುಂಬಾ ಚೆನ್ನಾಗಿದೆ ಅಂತ ಅಲ್ಲ. ಅದರ ಹತ್ತಿರ ಬಚ್ಚಿಡುವುದು ಕಮ್ಮಿ. ಸಂಖ್ಯೆ, ವಿಳಾಸ, ಅವುಗಳನ್ನು ಜೋಡಿಸಿದ ಸ್ಟ್ರಕ್ಟ್, ಇಷ್ಟೇ. ಆಪರೇಟಿಂಗ್ ಸಿಸ್ಟಂಗಳ ಜೊತೆ ಮಾತಾಡುವುದಕ್ಕೂ ಸಿ ರೂಪದ ಒಪ್ಪಂದವೇ ಮೊದಲಿನಿಂದ ಇದೆ. ಯಾವ ಹೊಸ ಭಾಷೆ ಬಂದರೂ ಅದನ್ನು ಕಲಿಯದೆ ಗತಿ ಇಲ್ಲ.

ಸಿ ಪ್ಲಸ್ ಪ್ಲಸ್ ಈ ಪಾತ್ರ ಮಾಡಲಾರದು. ಒಂದು ಕಾರಣ ಹೆಸರುಗಳು. ಅಲ್ಲಿ ಒಂದೇ ಹೆಸರಿನ ಹಲವು ಫಂಕ್ಷನ್ ಇರಬಹುದು, ತೆಗೆದುಕೊಳ್ಳುವ ಬಗೆಗಳು ಬೇರೆ ಇದ್ದರೆ ಸಾಕು. ಅದಕ್ಕೆ ಕಂಪೈಲರ್ (ನಾವು ಬರೆದದ್ದನ್ನು ಮಷೀನ್ ಕೋಡ್ ಮಾಡುವ ಪ್ರೋಗ್ರಾಂ) ಬಗೆಗಳನ್ನೂ ಹೆಸರಿಗೆ ಅಂಟಿಸಿಬಿಡುತ್ತದೆ. ಎರಡು ಪೂರ್ಣಾಂಕ ಕೂಡಿಸುವ ‘ಆ್ಯಡ್’ ಎಂಬ ಫಂಕ್ಷನ್, ಜಿಸಿಸಿ ಎಂಬ ಕಂಪೈಲರ್ ಕೈಯಲ್ಲಿ ‘ಅಂಡರ್‌ಸ್ಕೋರ್ ಝಡ್ 3 ಆ್ಯಡ್ ಐ ಐ’ ಆಗುತ್ತದೆ. 3 ಅಂದರೆ ಹೆಸರಿನಲ್ಲಿ ಮೂರು ಇಂಗ್ಲಿಷ್ ಅಕ್ಷರ, ಎರಡು ಐ ಅಂದರೆ ಎರಡು ಪೂರ್ಣಾಂಕ. ಮೈಕ್ರೋಸಾಫ್ಟ್‌ನ ಕಂಪೈಲರ್ ಇದನ್ನೇ ಬೇರೆ ರೀತಿ ತಿರುಚುತ್ತದೆ. ಹೊರಗಿನಿಂದ ಬಂದ ಪೈಥಾನ್ ‘ಆ್ಯಡ್’ ಇದೆಯಾ ಅಂತ ಕೇಳಿದರೆ ಆ ಹೆಸರಿನವರು ಇಲ್ಲಿಲ್ಲ ಅಂತ ಉತ್ತರ. ಇದಕ್ಕೆ ಮದ್ದು ‘ಎಕ್ಸ್‌ಟರ್ನ್ ಸಿ’ ಅನ್ನುವ ಗುರುತು. ಈ ಫಂಕ್ಷನ್ ಹೆಸರು ಕೆಡಿಸಬೇಡ, ಸಿ ಥರ ಇರಲಿ ಅಂತ ಕಂಪೈಲರ್‌ಗೆ ಹೇಳುವುದು. ರಸ್ಟ್‌ನಲ್ಲೂ ಇದಕ್ಕೆ ಸಮನಾದದ್ದು ಇದೆ.

ಫೋರ್ಟ್ರಾನ್‌ಗೆ 2003ರ ಸ್ಟ್ಯಾಂಡರ್ಡ್‌ನಲ್ಲಿ ಸಿ ಜೊತೆ ಮಾತಾಡುವ ಅಧಿಕೃತ ದಾರಿ ಬಂತು. ಅದಕ್ಕೂ ಮುಂಚಿನ ಕೋಡ್ ಇನ್ನೂ ರಾಶಿ ರಾಶಿ ಇದೆ. ಅಲ್ಲಿ ಪದ್ಧತಿಗಳೇ ಬೇರೆ: ಎಲ್ಲವನ್ನೂ ವಿಳಾಸದ ಮೂಲಕ ಕೊಡಬೇಕು, ಮ್ಯಾಟ್ರಿಕ್ಸ್ ಕಾಲಂ ಕಾಲಂ ಆಗಿ ಕೂತಿರುತ್ತದೆ, ಸಿಯಲ್ಲಿರುವಂತೆ ಸಾಲು ಸಾಲಾಗಿ ಅಲ್ಲ. ಸಾಲು-ಕಾಲಂ ಮರೆತರೆ ಮ್ಯಾಟ್ರಿಕ್ಸ್ ಅಡ್ಡ ತಿರುಗಿಕೊಂಡು ಬರುತ್ತದೆ. ಲೆಕ್ಕ ನಿಲ್ಲುವುದಿಲ್ಲ, ಬೇರೆಯೇ ಪ್ರಶ್ನೆಗೆ ಉತ್ತರ ಕೊಡುತ್ತದೆ.

ಎರಡನೆಯದು: ಮೆಮೊರಿಯಲ್ಲಿ ಅದರ ಆಕಾರ

ಜಾಗ ಸರಿಹೋಯಿತು ಅಂದುಕೊಳ್ಳೋಣ. ಅಲ್ಲಿಟ್ಟ ಬೈಟ್‌ಗಳನ್ನು ಎರಡೂ ಕಡೆಯವರು ಒಂದೇ ಥರ ಓದಬೇಕಲ್ವಾ? ಸಿಯ ‘ಲಾಂಗ್’ ಎಂಬ ಬಗೆ 64-ಬಿಟ್ ಲಿನಕ್ಸ್‌ನಲ್ಲಿ 8 ಬೈಟ್. 64-ಬಿಟ್ ವಿಂಡೋಸ್‌ನಲ್ಲಿ 4 ಬೈಟ್. ಹೆಸರು ಒಂದೇ. ಇದಕ್ಕೇ ಗಡಿಯಲ್ಲಿ ‘ಇಂಟ್32’, ‘ಇಂಟ್64’ ಥರ ಅಳತೆ ಹೆಸರಲ್ಲೇ ಇರುವ ಬಗೆಗಳನ್ನು ಬಳಸುವುದು ಒಳ್ಳೆಯದು.

ಸ್ಟ್ರಕ್ಟ್‌ಗಳಲ್ಲಿ ಖಾಲಿ ಜಾಗ ಬಚ್ಚಿಟ್ಟುಕೊಂಡಿರುತ್ತದೆ. 1 ಬೈಟಿನ ಅಕ್ಷರ, ಆಮೇಲೆ 4 ಬೈಟಿನ ಪೂರ್ಣಾಂಕ. ಒಟ್ಟು 5 ಆಗಬೇಕು. ಸಾಮಾನ್ಯ ಮಷೀನ್‌ಗಳಲ್ಲಿ 8 ಇರುತ್ತದೆ. ಪೂರ್ಣಾಂಕ 4ರ ಗುಣಕದ ವಿಳಾಸದಲ್ಲಿ ಕೂರಲಿ ಅಂತ ಕಂಪೈಲರ್ ನಡುವೆ 3 ಬೈಟ್ ಖಾಲಿ ಬಿಡುತ್ತದೆ. ಇನ್ನೊಂದು ಭಾಷೆಯಲ್ಲಿ ಅದೇ ಸ್ಟ್ರಕ್ಟ್ ಬರೆಯುವಾಗ ಈ ಖಾಲಿ ಜಾಗವೂ ಹೊಂದಬೇಕು. ಲೈಬ್ರರಿಯ ಹೊಸ ವರ್ಷನ್‌ನಲ್ಲಿ ಯಾರಾದರೂ ಸ್ಟ್ರಕ್ಟ್ ನಡುವೆ ಒಂದು ಫೀಲ್ಡ್ ತೂರಿಸಿದರೆ ಅದರ ಕೆಳಗಿನದೆಲ್ಲ ಜರುಗುತ್ತದೆ. ನಿಮ್ಮ ಕಡೆಯ ಕೋಡ್ ಹಳೆಯ ನಕ್ಷೆ ಹಿಡಿದುಕೊಂಡು ಓದುತ್ತಿರುತ್ತದೆ. ಒಳ್ಳೆಯ ಲೈಬ್ರರಿಗಳು ಇದಕ್ಕೇ ಸ್ಟ್ರಕ್ಟ್‌ನ ಒಳಗನ್ನು ತೋರಿಸುವುದಿಲ್ಲ. ಒಂದು ಪಾಯಿಂಟರ್ ಕೊಟ್ಟು, ಒಳಗೆ ಇಣುಕಬೇಡ, ಏನಾದರೂ ಬೇಕಿದ್ದರೆ ನಮ್ಮ ಫಂಕ್ಷನ್‌ಗೆ ಇದನ್ನು ವಾಪಸ್ ಕೊಟ್ಟು ಕೇಳು ಅನ್ನುತ್ತವೆ. ಎಸ್‌ಕ್ಯೂಲೈಟ್‌ನ ಕನೆಕ್ಷನ್ ಹಾಗೇ ಇರುವುದು.

ಈಗ ಆ 2ಕ್ಕೆ ಬರೋಣ. ಸ್ಟ್ರಿಂಗ್ ವಿಷಯದಲ್ಲಿ ಎಲ್ಲ ಭಾಷೆಗಳಿಗೂ ಅವುಗಳದೇ ಹಠ. ಸಿಯಲ್ಲಿ ಸ್ಟ್ರಿಂಗ್ ಅಂದರೆ ಸಾಲಾಗಿ ಬೈಟ್‌ಗಳು, ಕೊನೆಯಲ್ಲಿ ಒಂದು ಸೊನ್ನೆ. ಉದ್ದ ಎಲ್ಲೂ ಬರೆದಿರುವುದಿಲ್ಲ. ರಸ್ಟ್‌ನಲ್ಲಿ ಉದ್ದ ಜೊತೆಗೇ ಇರುತ್ತದೆ, ಕೊನೆಯ ಸೊನ್ನೆ ಇರುವುದಿಲ್ಲ, ಒಳಗೆ ಯುಟಿಎಫ್-8. ಜಾವಾದಲ್ಲಿ ಎಣಿಕೆ ಯುಟಿಎಫ್-16ರದು. ಸ್ಟ್ರ್‌ಲೆನ್ ಮಾಡುವ ಕೆಲಸ ಒಂದೇ: ಮೊದಲ ಸೊನ್ನೆ ಬೈಟ್ ಸಿಗುವವರೆಗೆ ಎಣಿಸುವುದು.

ನಾನು ಕೊಟ್ಟದ್ದು ಪೈಥಾನ್‌ನ ಮಾಮೂಲಿ ಸ್ಟ್ರಿಂಗ್. ಸಿಟೈಪ್ಸ್ ಅಂಥದ್ದನ್ನು ಸಿಯ ‘ಅಗಲ ಅಕ್ಷರ’ಗಳ ಸಾಲಾಗಿ ಮಾಡಿ ಕಳಿಸುತ್ತದೆ. ಲಿನಕ್ಸ್‌ನಲ್ಲಿ ಅಂಥ ಒಂದೊಂದು ಅಕ್ಷರಕ್ಕೆ 4 ಬೈಟ್. ‘ಕ’ದ ಯೂನಿಕೋಡ್ ಸಂಖ್ಯೆ, ಹದಿನಾರರ ಲೆಕ್ಕದಲ್ಲಿ (ಹೆಕ್ಸ್), 0ಸಿ95. ಮೆಮೊರಿಯಲ್ಲಿ ಸಣ್ಣ ತುದಿ ಮೊದಲು ಕೂರುವುದರಿಂದ ಬೈಟ್‌ಗಳು ಹೀಗೆ ಸಾಲಾಗಿರುತ್ತವೆ: 95, 0ಸಿ, 00, 00. ಸ್ಟ್ರ್‌ಲೆನ್ ಎಣಿಸಿತು. ಒಂದು, ಎರಡು, ಅಷ್ಟರಲ್ಲಿ ಸೊನ್ನೆ ಸಿಕ್ಕಿತು. ಪದ ಮುಗಿಯಿತು ಅಂತ 2 ಹೇಳಿ ಹೊರಟುಹೋಯಿತು. ಇನ್ನೂ ನಾಲ್ಕು ಸಂಕೇತ ಬಾಕಿ ಇರುವುದು ಅದಕ್ಕೆ ಹೇಗೆ ಗೊತ್ತಾಗಬೇಕು? ‘ಹಲೋ’ ಅಂತ ಇಂಗ್ಲಿಷ್‌ನಲ್ಲಿ ಕೊಟ್ಟಿದ್ದರೆ 1 ಬರುತ್ತಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಮೊದಲ ಬೈಟ್ ಆದ ಕೂಡಲೇ ಸೊನ್ನೆ.

ಮೊದಲು ಪದವನ್ನು ಯುಟಿಎಫ್-8 ಬೈಟ್‌ಗಳಾಗಿ ಎನ್‌ಕೋಡ್ ಮಾಡಿ ಕೊಟ್ಟರೆ 15 ಬರುತ್ತದೆ. ಅದು ಸರಿಯಾದ ಉತ್ತರ. ಸ್ಟ್ರ್‌ಲೆನ್ ಬೈಟ್ ಎಣಿಸುತ್ತದೆ, ಅಕ್ಷರ ಅಲ್ಲ, ಅನ್ನುವುದು ನಮ್ಮ ತಲೆಯಲ್ಲಿ ಇದ್ದರೆ ಸಾಕು. ನನ್ನ ಕೋಡ್‌ನಲ್ಲಿ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಗಡಿ ದಾಟುವ ಫಂಕ್ಷನ್‌ಗಳನ್ನು ಪರೀಕ್ಷಿಸುವಾಗ ಕನ್ನಡದ ಒಂದು ಪದವನ್ನು ತಪ್ಪದೆ ಕೊಡುತ್ತೇನೆ. ಬರೀ ಇಂಗ್ಲಿಷ್‌ನಲ್ಲಿ ಪರೀಕ್ಷಿಸಿದರೆ ಬೈಟ್ ಲೆಕ್ಕ, ಅಕ್ಷರ ಲೆಕ್ಕ ಎರಡೂ ಒಂದೇ ಬಂದು ತಪ್ಪು ಮುಚ್ಚಿಹೋಗುತ್ತದೆ.

ಮೂರನೆಯದು, ಎಲ್ಲಕ್ಕಿಂತ ಕಾಡುವುದು: ಇದು ಯಾರ ಸ್ವತ್ತು?

ಲೈಬ್ರರಿ ಮೆಮೊರಿ ತೆಗೆದುಕೊಂಡು ಅದರಲ್ಲಿ ಉತ್ತರ ಬರೆದು ನಿಮಗೆ ವಿಳಾಸ ಕೊಟ್ಟಿತು. ಕೆಲಸ ಮುಗಿದ ಮೇಲೆ ಅದನ್ನು ಬಿಡುಗಡೆ ಮಾಡುವವರು ಯಾರು? ಯಾರೂ ಮಾಡದಿದ್ದರೆ ಮೆಮೊರಿ ಸೋರುತ್ತದೆ. ಇಬ್ಬರೂ ಮಾಡಿದರೆ ಪ್ರೋಗ್ರಾಂ ಬೀಳುತ್ತದೆ. ಒಬ್ಬರು ಬೇಗ ಮಾಡಿದರೆ ಇನ್ನೊಬ್ಬರು ಕಸ ಓದುತ್ತಾರೆ. ಬಗೆಯನ್ನು ನೋಡಿದರೆ ಇದು ಗೊತ್ತಾಗುವುದಿಲ್ಲ. ಫಂಕ್ಷನ್‌ಗಳ ಘೋಷಣೆ ಇರುವ ಸಿಯ ಹೆಡರ್ ಫೈಲ್‌ನಲ್ಲಿ, ನೀವು ಬಿಡುಗಡೆ ಮಾಡಬೇಕಾದದ್ದೂ ಮಾಡಬಾರದ್ದೂ ‘ಅಕ್ಷರಗಳ ಪಾಯಿಂಟರ್’ ಅಂತಲೇ ಇರುತ್ತದೆ.

ಎಸ್‌ಕ್ಯೂಲೈಟ್‌ನಲ್ಲೇ ಇದರ ಚಂದದ ಉದಾಹರಣೆ ಇದೆ. ಎರರ್ ಸಂದೇಶ ಪಡೆಯಲು ಅಲ್ಲಿ ಎರಡು ದಾರಿ. ‘ಎರ್‌ಎಂಎಸ್‌ಜಿ’ ಎಂಬ ಫಂಕ್ಷನ್ ಕರೆದರೆ ಒಂದು ಸ್ಟ್ರಿಂಗ್ ಬರುತ್ತದೆ. ಅದು ಎಸ್‌ಕ್ಯೂಲೈಟ್‌ನ ಸ್ವತ್ತು. ನೀವು ಮುಟ್ಟಬಾರದು, ಮುಂದಿನ ಕರೆಯಲ್ಲಿ ಅದು ಅಳಿಸಿಹೋಗಬಹುದು. ಹಾಗಾಗಿ ಬೇಕಿದ್ದರೆ ಆಗಲೇ ನಕಲು ಮಾಡಿಕೊಳ್ಳಬೇಕು. ಇನ್ನೊಂದು, ‘ಎಕ್ಸೆಕ್’ ಎಂಬ ಫಂಕ್ಷನ್‌ನ ಕೊನೆಯ ಜಾಗದಲ್ಲಿ ಬರುವ ಸಂದೇಶ. ಅದು ನಿಮ್ಮ ಸ್ವತ್ತು. ಓದಿದ ಮೇಲೆ ನೀವೇ ಬಿಡುಗಡೆ ಮಾಡಬೇಕು, ಅದೂ ಎಸ್‌ಕ್ಯೂಲೈಟ್‌ನದೇ ‘ಫ್ರೀ’ ಫಂಕ್ಷನ್‌ನಿಂದ. ಒಂದೇ ಲೈಬ್ರರಿ, ಒಂದೇ ಥರದ ಸಂದೇಶ, ಎರಡು ನಿಯಮ. ದಾಖಲೆ ಓದಿದವರಿಗೆ ಮಾತ್ರ ಗೊತ್ತು.

ಯಾರು ತೆಗೆದುಕೊಂಡರೋ ಅವರೇ ವಾಪಸ್ ಕೊಡಬೇಕು ಅನ್ನುವುದು ಇಲ್ಲಿನ ಸರಳ ನಿಯಮ. ರಸ್ಟ್ ತೆಗೆದುಕೊಂಡ ಮೆಮೊರಿಯನ್ನು ಸಿಯ ‘ಫ್ರೀ’ಗೆ ಕೊಡಬಾರದು. ನೀವೇ ಲೈಬ್ರರಿ ಬರೆಯುವವರಾದರೆ ‘ಸೃಷ್ಟಿಸು’ ಫಂಕ್ಷನ್ ಜೊತೆ ‘ನಾಶಮಾಡು’ ಫಂಕ್ಷನ್ನನ್ನೂ ಕೊಡಿ. ಬಳಸುವವರು ಹರಸುತ್ತಾರೆ.

ಕಸ ಗುಡಿಸುವ ವ್ಯವಸ್ಥೆ ಇರುವ ಭಾಷೆಗಳಲ್ಲಿ ಇದು ಇನ್ನೊಂದು ವೇಷದಲ್ಲಿ ಬರುತ್ತದೆ. ಒಂದು ಸಲ ನಾನೇ ಎರಡು ದಿನ ಕಳೆದುಕೊಂಡಿದ್ದೇನೆ. ಒಂದು ಸಾಧನದಿಂದ ಡೇಟಾ ಓದುವ ಸಿ ಲೈಬ್ರರಿ. ಹೊಸ ಡೇಟಾ ಬಂದಾಗ ಕರೆಯಲಿ ಅಂತ ನನ್ನ ಪೈಥಾನ್ ಫಂಕ್ಷನ್ ಒಂದನ್ನು ಅದಕ್ಕೆ ಒಪ್ಪಿಸಿದ್ದೆ. ಶುರುವಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಕೆಲವು ನಿಮಿಷ ಆದ ಮೇಲೆ ಇಡೀ ಪ್ರೋಗ್ರಾಂ ಮಾಯ, ಪೈಥಾನ್‌ನ ಎರರ್ ಸಂದೇಶವೂ ಇಲ್ಲ. ಏನಾಗಿದೆ ನೋಡೋಣ ಅಂತ ಒಪ್ಪಿಸಿದ್ದ ಆ ಫಂಕ್ಷನ್ನನ್ನು, ಅಂದರೆ ಕಾಲ್‌ಬ್ಯಾಕನ್ನು, ಒಂದು ವೇರಿಯಬಲ್‌ನಲ್ಲಿ ಇಟ್ಟು ಪ್ರಿಂಟ್ ಮಾಡಿದೆ. ಕ್ರ್ಯಾಶ್ ನಿಂತುಹೋಯಿತು! ಪ್ರಿಂಟ್ ತೆಗೆದು, ವೇರಿಯಬಲ್ಲನ್ನೂ ತೆಗೆದೆ. ಮತ್ತೆ ಕ್ರ್ಯಾಶ್.

ಆ ವೇರಿಯಬಲ್ಲೇ ಸುಳಿವು ಅಂತ ಹೊಳೆಯಲು ಮರುದಿನ ಸಂಜೆಯಾಯಿತು. ಸಿಟೈಪ್ಸ್ ಪೈಥಾನ್ ಫಂಕ್ಷನ್‌ಗೆ ಸಿ ವೇಷ ಹಾಕಿ ಒಂದು ಆಬ್ಜೆಕ್ಟ್ ಮಾಡುತ್ತದೆ. ನಾನು ಅದನ್ನು ಕರೆಯ ಸಾಲಿನಲ್ಲೇ ಮಾಡಿ ಹಾಗೇ ಕೊಟ್ಟುಬಿಟ್ಟಿದ್ದೆ. ಪೈಥಾನ್ ಕಡೆ ಅದನ್ನು ಹಿಡಿದುಕೊಂಡವರು ಯಾರೂ ಇರಲಿಲ್ಲ. ಬೇಡದ ವಸ್ತು ಅಂತ ಪೈಥಾನ್ ಎತ್ತಿ ಎಸೆಯಿತು. ಸಿ ಲೈಬ್ರರಿಯ ಹತ್ತಿರ ಮಾತ್ರ ಹಳೆಯ ವಿಳಾಸ ಉಳಿದಿತ್ತು. ಆ ಮೆಮೊರಿ ಬೇರೆ ಯಾವುದಕ್ಕೋ ಬಳಕೆ ಆಗುವವರೆಗೆ ಎಲ್ಲ ಸರಿ ಇದ್ದಂತೆ ಕಾಣುತ್ತಿತ್ತು. ಸಿಟೈಪ್ಸ್ ದಾಖಲೆಯಲ್ಲಿ ಈ ಎಚ್ಚರಿಕೆ ಸ್ಪಷ್ಟವಾಗಿಯೇ ಇದೆ. ನಾನು ಓದಿರಲಿಲ್ಲ, ಅಷ್ಟೇ. ಗೋ ಭಾಷೆಯವರು ಇನ್ನೂ ಕಟ್ಟುನಿಟ್ಟು: ಗೋ ಕೊಟ್ಟ ಪಾಯಿಂಟರನ್ನು ಕರೆ ಮುಗಿದ ಮೇಲೂ ಸಿ ಕೋಡ್ ಹಾಗೇ ಇಟ್ಟುಕೊಳ್ಳುವಂತಿಲ್ಲ ಅಂತಲೇ ನಿಯಮ ಮಾಡಿದ್ದಾರೆ.

ಏನಾದರೂ ತಪ್ಪಾದಾಗ ಭಾಷೆಗಳು ಎಸೆಯುವ ಎಕ್ಸೆಪ್ಷನ್‌ಗಳೂ ಗಡಿ ದಾಟುವುದಿಲ್ಲ. ಸಿಗೆ ಎಕ್ಸೆಪ್ಷನ್ ಅಂದರೇನು ಅಂತಲೇ ಗೊತ್ತಿಲ್ಲ. ಗಡಿಯ ಈಚೆಗೇ ಹಿಡಿದು ಎರರ್ ಸಂಖ್ಯೆಯಾಗಿ ಬದಲಿಸಿ ಕಳಿಸಬೇಕು, ಆಚೆಯವರು ಅದನ್ನು ಮತ್ತೆ ತಮ್ಮ ಭಾಷೆಯ ಎಕ್ಸೆಪ್ಷನ್ ಮಾಡಿಕೊಳ್ಳಬೇಕು. ರಸ್ಟ್ 1.81ರಿಂದ, ಅಂದರೆ 2024ರಿಂದ, ಸಿ ಒಪ್ಪಂದದ ಫಂಕ್ಷನ್‌ನಿಂದ ಪ್ಯಾನಿಕ್ (ರಸ್ಟ್‌ನಲ್ಲಿ ಎಕ್ಸೆಪ್ಷನ್ ಥರದ್ದು) ಹೊರಗೆ ಹಾರಲು ನೋಡಿದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಕಸ ಹರಡುವುದಕ್ಕಿಂತ ನಿಲ್ಲುವುದು ಮೇಲು.

ದಶಕಗಳ ಕಾಲ ನಡೆದ ತಪ್ಪು

ಗಡಿಯಲ್ಲಿ ಕಾವಲು ಇಲ್ಲ ಅಂದೆನಲ್ಲ, ಅದು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ 2019ರ ಪ್ರಸಂಗವೊಂದು ಸಾಕು. ಹಳೆಯ ಫೋರ್ಟ್ರಾನ್ ಫಂಕ್ಷನ್‌ಗೆ ಸ್ಟ್ರಿಂಗ್ ಕೊಟ್ಟಾಗ, ಅದರ ಉದ್ದವನ್ನೂ ಕೊನೆಯಲ್ಲಿ ಗುಟ್ಟಾಗಿ ಕೊಡಬೇಕು ಅನ್ನುವುದು ಬಹಳ ಕಂಪೈಲರ್‌ಗಳ ಪದ್ಧತಿ. ಫೋರ್ಟ್ರಾನ್‌ನಿಂದ ಕರೆದರೆ ಕಂಪೈಲರ್ ತಾನೇ ಸೇರಿಸುತ್ತದೆ. ಸಿಯಿಂದ ಕರೆದರೆ ನಾವೇ ಸೇರಿಸಬೇಕು. ಲ್ಯಾಪ್ಯಾಕ್‌ನ ಹಲವು ಫಂಕ್ಷನ್‌ಗಳು ಒಂದೇ ಅಕ್ಷರದ ಸ್ಟ್ರಿಂಗ್ ತೆಗೆದುಕೊಳ್ಳುತ್ತವೆ: ಮ್ಯಾಟ್ರಿಕ್ಸ್‌ನ ಮೇಲಿನ ಅರ್ಧವೋ ಕೆಳಗಿನ ಅರ್ಧವೋ ಅಂತ ಹೇಳಲು. ಒಂದೇ ಅಕ್ಷರ ತಾನೇ, ಉದ್ದ ಯಾಕೆ ಅಂತ ಸಿ ಕಡೆಯವರು ಅದನ್ನು ಬಿಟ್ಟೇ ಕರೆಯುತ್ತಿದ್ದರು. ಒಳಗಿನ ಕೋಡ್ ಆ ಉದ್ದವನ್ನು ನೋಡುತ್ತಲೂ ಇರಲಿಲ್ಲ. ಹಾಗಾಗಿ ದಶಕಗಳ ಕಾಲ ಎಲ್ಲ ಸರಾಗ.

ಆಮೇಲೆ ಜಿಫೋರ್ಟ್ರಾನ್ ಕಂಪೈಲರ್ ಜಾಣ ಆಯಿತು. ಫಂಕ್ಷನ್‌ನ ಕೊನೆಯಲ್ಲಿ ಇನ್ನೊಂದು ಫಂಕ್ಷನ್ ಕರೆಯುವುದಿದ್ದರೆ, ತನಗೆ ಬಂದ ಮೌಲ್ಯಗಳ ಜಾಗವನ್ನೇ ಮತ್ತೆ ಬಳಸುವ ತಂತ್ರ ಹೂಡಿತು. ಆ ಜಾಗದಲ್ಲಿ ಗುಟ್ಟಿನ ಉದ್ದವೂ ಇರುತ್ತದೆ ಅಂತ ಅದರ ನಂಬಿಕೆ. ಸಿ ಕಡೆಯವರು ಅದನ್ನು ಇಟ್ಟೇ ಇರಲಿಲ್ಲ. ಕಂಪೈಲರ್ ಅಲ್ಲಿ ಬರೆದಾಗ ಅಳಿಸಿಹೋದದ್ದು ಕರೆದವರ ಸ್ವಂತ ಡೇಟಾ. ಆರ್ ಭಾಷೆಯ ಪ್ಯಾಕೇಜ್‌ಗಳು ಬೀಳತೊಡಗಿದವು. ಕಂಪೈಲರ್ ತಪ್ಪು ಮಾಡಿರಲಿಲ್ಲ. ಆದರೂ ಹಳೆಯ ಕೋಡ್ ರಾಶಿಯನ್ನು ಕಂಡು, ಈ ಜಾಣತನವನ್ನು ತಡೆಯುವ ಆಯ್ಕೆಯೊಂದನ್ನು ಅದಕ್ಕೆ ಸೇರಿಸಿದರು. ಓಡುತ್ತಿದೆ ಅನ್ನುವುದು ಗಡಿಯಲ್ಲಿ ಯಾವ ಪುರಾವೆಯೂ ಅಲ್ಲ.

ಕೈಯಲ್ಲಿ ಯಾವ ಸಲಕರಣೆ?

ಪೈಥಾನ್ ಕಡೆಯಿಂದ ಸಿಯ ಐದಾರು ಫಂಕ್ಷನ್ ಬೇಕಿದ್ದರೆ ಸಿಟೈಪ್ಸ್ ಸಾಕು. ಪೈಥಾನ್ 2.5ರಿಂದಲೂ ಅದರ ಜೊತೆಗೇ ಬರುತ್ತದೆ. ಬೇರೆ ಕಂಪೈಲರ್ ಬೇಡ. ಅದರ ಹೊಟ್ಟೆಯಲ್ಲಿ ಕೆಲಸ ಮಾಡುವುದು ಲಿಬ್‌ಎಫ್‌ಎಫ್‌ಐ ಎಂಬ ಇನ್ನೊಂದು ಲೈಬ್ರರಿ. ಫಂಕ್ಷನ್‌ಗೆ ಏನೇನು ಬೇಕು ಅಂತ ಓಡುವಾಗಲಷ್ಟೇ ಗೊತ್ತಾದರೂ, ಆಯಾ ಮಷೀನ್‌ನ ಒಪ್ಪಂದದಂತೆ ಮೌಲ್ಯಗಳನ್ನು ಸರಿಯಾದ ರಿಜಿಸ್ಟರ್‌ನಲ್ಲಿ ಇಡುವುದು ಅದರ ಕೆಲಸ.

ಫಂಕ್ಷನ್‌ಗಳ ಸಂಖ್ಯೆ ಹತ್ತು ದಾಟಿತು ಅಂದರೆ ನಾನು ಕೈಯಿಂದ ಬರೆಯುವುದನ್ನು ಬಿಡುತ್ತೇನೆ. ಬಗೆಗಳನ್ನು ಮನುಷ್ಯರು ನಕಲು ಮಾಡಿದರೆ ತಪ್ಪು ಖಂಡಿತ. ರಸ್ಟ್‌ನ ಬೈಂಡ್‌ಜೆನ್ ಸಿಯ ಹೆಡರ್ ಫೈಲನ್ನೇ ಓದಿ ಘೋಷಣೆಗಳನ್ನು ಬರೆದುಕೊಡುತ್ತದೆ. ಸಿ ಪ್ಲಸ್ ಪ್ಲಸ್ ಲೈಬ್ರರಿಯನ್ನು ಪೈಥಾನ್‌ಗೆ ತರಲು ಪೈಬೈಂಡ್11, ರಸ್ಟ್‌ನಿಂದ ತರಲು ಪೈಓ3. ಇವುಗಳಲ್ಲಿ ಬಗೆ ಹೊಂದದಿದ್ದರೆ ಕಂಪೈಲ್ ಆಗುವಾಗಲೇ ಬೈಸಿಕೊಳ್ಳುತ್ತೇವೆ, ಎಕ್ಸೆಪ್ಷನ್‌ಗಳ ಬದಲಾವಣೆಯನ್ನೂ ಅವೇ ನೋಡಿಕೊಳ್ಳುತ್ತವೆ. ಜಾವಾದಲ್ಲಿ ಸಿ ಕರೆಯಲು 1997ರಿಂದ ಜೆಎನ್‌ಐ ಎಂಬ ದಾರಿ ಇತ್ತು. ಅದಕ್ಕೆ ಸಿಯಲ್ಲಿ ಅಂಟು ಕೋಡ್ ಬರೆದು ಬರೆದು ಬೇಸತ್ತವರಿಗೆ 2024ರ ಜಾವಾ 22ರಲ್ಲಿ ಹೊಸ ದಾರಿ ಪಕ್ಕಾ ಆಯಿತು. ಈಗ ಜಾವಾ ಕೋಡ್‌ನಿಂದಲೇ ಸಿ ಫಂಕ್ಷನ್ ಹಿಡಿಯಬಹುದು.

ಯಾವುದನ್ನೇ ಬಳಸಿ, ಗಡಿಯ ಕೋಡನ್ನು ಒಂದೇ ಫೈಲ್‌ನಲ್ಲಿ ಇಡಿ. ಅದರ ಮೇಲೆ ನಿಮ್ಮ ಭಾಷೆಯ ಸಹಜ ರೂಪದ ಒಂದು ಪದರ ಹಾಕಿ. ಮಿಕ್ಕ ಪ್ರೋಗ್ರಾಂಗೆ ಪಾಯಿಂಟರ್ ಅನ್ನುವ ಮಾತೇ ಕೇಳಿಸಬಾರದು.

ವೇಗದ ಬಗ್ಗೆ ಒಂದು ಮಾತು. ಸಿ ವೇಗ ಅಂತ ಗಡಿ ದಾಟಿ, ನಿಧಾನವಾಗಿಸಿಕೊಂಡವರನ್ನು ನೋಡಿದ್ದೇನೆ. ಪ್ರತಿ ಸಲ ದಾಟುವಾಗಲೂ ಮೌಲ್ಯಗಳನ್ನು ಬದಲಿಸುವ ಖರ್ಚು ಇದೆ. 10 ಲಕ್ಷ ಸಂಖ್ಯೆಗಳಿಗೆ 10 ಲಕ್ಷ ಸಲ ದಾಟಿದರೆ ಲಾಭವೆಲ್ಲ ಅಲ್ಲೇ ಕರಗುತ್ತದೆ. ಇಡೀ ಸಾಲನ್ನು ಒಂದೇ ಸಲ ಕೊಟ್ಟು, ಲೂಪ್ ಆಚೆ ಕಡೆ ತಿರುಗಲಿ. ನಂಪೈ ವೇಗವಾಗಿರುವುದು ಹೀಗೇ.

ಇನ್ನು ಹಂಚುವ ತಲೆನೋವು. ಲೈಬ್ರರಿ ಆಯಾ ಆಪರೇಟಿಂಗ್ ಸಿಸ್ಟಂಗೆ, ಆಯಾ ಪ್ರೊಸೆಸರ್‌ಗೆ ಬೇರೆ ಬೇರೆ ಕಂಪೈಲ್ ಆಗಬೇಕು. ಪೈಥಾನ್‌ನ ‘ಕ್ರಿಪ್ಟೋಗ್ರಫಿ’ ಪ್ಯಾಕೇಜ್ 2021ರಲ್ಲಿ ರಸ್ಟ್ ಕೋಡ್ ಸೇರಿಸಿಕೊಂಡಾಗ, ಸಿದ್ಧ ಕಟ್ಟು ಸಿಗದ ಸಿಸ್ಟಂಗಳವರು ಇದ್ದಕ್ಕಿದ್ದಂತೆ ರಸ್ಟ್ ಕಂಪೈಲರ್ ಹುಡುಕಬೇಕಾಯಿತು. ಪೈಥಾನ್ ಬಳಸುತ್ತಿದ್ದೇವೆ ಅಂದುಕೊಂಡಿದ್ದವರಿಗೆ ಅದೊಂದು ಶಾಕ್.

ದಾಟದೆಯೂ ಕೆಲಸ ಆಗುತ್ತದೆ

ಎಷ್ಟೋ ಸಲ ಗಡಿ ದಾಟುವುದೇ ಬೇಡ. ಆ ಲೈಬ್ರರಿಯನ್ನು ಬೇರೆ ಪ್ರೋಗ್ರಾಂ ಆಗಿ ಓಡಿಸಿ, ಪೈಪ್ ಮೂಲಕವೋ ನೆಟ್‌ವರ್ಕ್ ಮೂಲಕವೋ ಜೇಸನ್ ಎಂಬ ಪಠ್ಯ ರೂಪದಲ್ಲಿ ಡೇಟಾ ಕಳಿಸಿ ಮಾತಾಡಿಸಬಹುದು. ವಿಡಿಯೊ ಕತ್ತರಿಸುವ ಎಫ್‌ಎಫ್‌ಎಂಪೆಗ್ ಸಿಯಲ್ಲಿದೆ. ಅದರ ಒಳಗಿನ ಲೈಬ್ರರಿಗಳನ್ನು ಕಟ್ಟಿಕೊಳ್ಳುವ ಬದಲು ಎಷ್ಟೋ ಜನ ಅದನ್ನು ಸುಮ್ನೆ ಕಮಾಂಡ್ ಆಗಿ ಓಡಿಸುತ್ತಾರೆ. ನಿಧಾನ, ನಿಜ. ಆದರೆ ಆಚೆಯದು ಬಿದ್ದರೆ ನಿಮ್ಮದು ಬೀಳುವುದಿಲ್ಲ. ಒಂದೇ ಪ್ರೋಗ್ರಾಂ ಒಳಗೆ ತಂದುಕೊಂಡರೆ ಲೈಬ್ರರಿಯ ಒಂದು ಕೆಟ್ಟ ಪಾಯಿಂಟರ್ ನಿಮ್ಮ ಎಲ್ಲವನ್ನೂ ಎಳೆದುಕೊಂಡು ಬೀಳುತ್ತದೆ. ಪೈಥಾನ್‌ನ ಯಾವ ‘ಟ್ರೈ’ ಕೂಡ ಅದನ್ನು ಹಿಡಿಯಲಾರದು. ಹೊರಗಿನಿಂದ ಬಂದ, ನಂಬಿಕೆ ಇಲ್ಲದ ಫೈಲ್‌ಗಳನ್ನು ಓದುವ ಲೈಬ್ರರಿಯಾದರೆ ನಾನು ಎರಡು ಸಲ ಯೋಚಿಸದೆ ಬೇರೆ ಪ್ರೋಗ್ರಾಂ ಆಗಿಯೇ ಇಡುತ್ತೇನೆ. ಸೆಕೆಂಡಿಗೆ ಸಾವಿರಾರು ಸಲ ಕರೆಯಬೇಕಿದ್ದರೆ, ದೊಡ್ಡ ಡೇಟಾ ನಕಲು ಮಾಡದೆ ಹಂಚಿಕೊಳ್ಳಬೇಕಿದ್ದರೆ ಮಾತ್ರ ಒಳಗೆ.

ಒಳಗೇ ಬೇಕು ಅಂತ ತೀರ್ಮಾನಿಸಿದ್ದರೆ, ಮೊದಲು ಎಸ್‌ಕ್ಯೂಲೈಟ್ ಮೇಲೆ ಕೈ ಪಳಗಿಸಿಕೊಳ್ಳಿ. ಅದರಲ್ಲಿ ವರ್ಷನ್ ಸಂಖ್ಯೆ ಹೇಳುವ ಫಂಕ್ಷನ್ ಇದೆ. ಏನನ್ನೂ ಕೇಳುವುದಿಲ್ಲ, ಒಂದು ಪೂರ್ಣಾಂಕ ಕೊಡುತ್ತದೆ. ವರ್ಷನ್ 3.45.1 ಇದ್ದರೆ 3045001 ಅಂತ ಬರುತ್ತದೆ. ಅದು ಬಂದರೆ ಲೈಬ್ರರಿ ಸಿಕ್ಕಿದೆ, ಹೆಸರು ಸಿಕ್ಕಿದೆ ಅಂತ ಅರ್ಥ. ಆಮೇಲೆ ವರ್ಷನ್ನನ್ನೇ ಸ್ಟ್ರಿಂಗ್ ಆಗಿ ಕೊಡುವ ಫಂಕ್ಷನ್ ಕರೆಯಿರಿ. ಉತ್ತರದ ಬಗೆ ಹೇಳದೆ ಒಂದು ಸಲ, ಹೇಳಿ ಒಂದು ಸಲ. ಮೊದಲನೆಯ ಸಲ ಬರುವ ಅರ್ಥವಿಲ್ಲದ ಸಂಖ್ಯೆಯನ್ನು ಸ್ವಲ್ಪ ಹೊತ್ತು ನೋಡಿ. ಅದು ಅರ್ಧ ಕತ್ತರಿಸಿದ ವಿಳಾಸ.